ಕೊನೆಯ ದೋಣಿಯಲ್ಲಿ ಯಾರಿದ್ದಾರೆ?

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ತಮ್ಮ ವಾಚಕರ ವಿಭಾಗದಲ್ಲಿ ಒಂದೇ ದಿನ ಎರಡು ಪತ್ರಗಳು ಅಕ್ಕಪಕ್ಕ ಬಂದಿದ್ದವು. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಕಯಾಕಿಂಗ್, ಅಂದರೆ ಕಿರುದೋಣಿಯ ಪ್ರವಾಸ, ಮಾಡಿಸುವುದನ್ನು ಕೂಡಲೇ ನಿಲ್ಲಿಸಬೇಕು, ನೀರಿನ ಜೊತೆ ಸರಸವೇ ಬೇಡ ಎಂದು ಒಬ್ಬರು ಬರೆದಿದ್ದರು. ಸಿಗಂದೂರು ಸೇತುವೆ ಆಯಿತು, ಇನ್ನು ಹಿನ್ನೀರಿನ ತುಂಬ ದೋಣಿ ಬಿಡಿ, ಮಲೆನಾಡಿನ ಹುಡುಗರಿಗೆ ಕೆಲಸ ಸಿಗುತ್ತದೆ ಎಂದು ಇನ್ನೊಬ್ಬರು. ಇಬ್ಬರೂ ಕಯಾಕಿನಲ್ಲಿ ಕುಳಿತವರಲ್ಲ ಎನ್ನುವುದು ಬರವಣಿಗೆಯಿಂದಲೇ ತಿಳಿಯಿತು. ನಾನು ಎರಡು ಸಲ ಕುಳಿತಿದ್ದೇನೆ, ಒಂದು ಸಲ ಬಿದ್ದಿದ್ದೇನೆ. ಆದ್ದರಿಂದ ಈ ಪತ್ರ. ಉದ್ದವಾಗಿದೆ, ಕತ್ತರಿಸುವುದಾದರೆ ನನ್ನ ಬಗ್ಗೆ ಬರೆದಿರುವುದನ್ನು ಕತ್ತರಿಸಿ. ದೋಣಿಗಳ ಬಗ್ಗೆ ಬರೆದಿರುವುದನ್ನು ದಯವಿಟ್ಟು ಬಿಡಿ.

ನನಗೆ ಈಗ 62 ವರ್ಷ. 31 ವರ್ಷ ಬಸ್ ನಿರ್ವಾಹಕನಾಗಿ ಕೆಲಸ ಮಾಡಿ ನಿವೃತ್ತನಾದವನು. ಹೆಚ್ಚಿನ ಕಾಲ ಕಳೆದದ್ದು ಶಿವಮೊಗ್ಗ, ಸಾಗರ, ಜೋಗ, ಗೇರುಸೊಪ್ಪೆ, ಹೊನ್ನಾವರದ ದಾರಿಯಲ್ಲಿ. ಚಾಲಕನ ಕಣ್ಣು ರಸ್ತೆಯ ಮೇಲಾದರೆ ನಿರ್ವಾಹಕನ ಕಣ್ಣು ಹಿಂಬಾಗಿಲಿನ ಮೇಲೆ. ಕೊನೆಯ ಅಜ್ಜಿ ಮೆಟ್ಟಿಲಿನಿಂದ ಕಾಲು ಒಳಗೆ ಇಟ್ಟಳೇ, ಅವಳ ಚೀಲ ಬಂತೇ ಎಂದು ನೋಡಿದ ಮೇಲೆಯೇ ಎರಡು ಸೀಟಿ. ಈ ಚಾಳಿ ನಿವೃತ್ತಿಯಾದರೂ ಹೋಗಿಲ್ಲ. ಮದುವೆ ಮನೆಯ ವ್ಯಾನು ಹೊರಡುವಾಗಲೂ ತಲೆ ಎಣಿಸುತ್ತೇನೆ, ಮನೆಯವರು ನಗುತ್ತಾರೆ. ನನ್ನ ಹಳೆಯ ಸೀಟಿ ಈಗಲೂ ಮನೆಯ ಬೀಗದ ಕೈ ಗೊಂಚಲಿನಲ್ಲಿ ನೇತಾಡುತ್ತಿದೆ. ಈ ಸೀಟಿಯ ವಿಷಯ ಮುಂದೆ ಬರುತ್ತದೆ.

ಮೊದಲನೆಯ ಪ್ರವಾಸ ಈ ವರ್ಷದ ಜನವರಿಯಲ್ಲಿ, ಹೊನ್ನಾವರದಲ್ಲಿ. ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗಳು ತನ್ನ ಕಚೇರಿಯ ಗೆಳೆಯರನ್ನು ಕರೆದುಕೊಂಡು ಬಂದಳು. ನನ್ನನ್ನೂ ಸೇರಿಸಿ 11 ಜನ. ರಾತ್ರಿ ಎರಡೂವರೆಗೆ ಟೆಂಪೊ ಟ್ರಾವೆಲರ್ ಹತ್ತಿ ಗೇರುಸೊಪ್ಪೆ ಘಟ್ಟ ಇಳಿದು, ಬೆಳಕು ಹರಿಯುವ ಹೊತ್ತಿಗೆ ಶರಾವತಿಯ ದಡದಲ್ಲಿದ್ದೆವು. ಎಷ್ಟೋ ಸಾವಿರ ಸಲ ಆ ನದಿಯ ಪಕ್ಕದಲ್ಲಿ ಟಿಕೆಟ್ ಹರಿದಿದ್ದೇನೆ. ಒಂದು ದಿನವೂ ಅದರ ನೀರಿಗೆ ಕೈ ಅದ್ದಿರಲಿಲ್ಲ.

ನೀರಿಗೆ ಇಳಿಯುವ ಮೊದಲು ಅರ್ಧ ಗಂಟೆ ಮರಳಿನ ಮೇಲೆಯೇ ಪಾಠ. ಕಯಾಕ್ ಎಂದರೆ ಒಬ್ಬರೋ ಇಬ್ಬರೋ ಕಾಲು ಚಾಚಿ ಕೂರುವ ಕಿರಿದಾದ ದೋಣಿ. ಹುಟ್ಟಿನ ಎರಡು ತುದಿಗೂ ಅಲಗು. ನಮ್ಮ ಕಡೆಯ ತೆಪ್ಪದ ಹುಟ್ಟಿಗೆ ಒಂದೇ ಅಲಗು, ಹಾಗಾಗಿ ಇದು ಕೈಗೆ ಹೊಸದು. ತೋಳಿನಿಂದ ಎಳೆಯಬೇಡಿ, ಸೊಂಟ ತಿರುಗಿಸಿ, ಕಾಲಿನಿಂದ ಒತ್ತಿ, ಇಲ್ಲವಾದರೆ ಹತ್ತು ನಿಮಿಷಕ್ಕೆ ಭುಜ ಸೋಲುತ್ತದೆ ಎಂದು ಮಾರ್ಗದರ್ಶಕ ಹೇಳಿದ. ಮೀನುಗಾರರ ಮನೆಯ ಹುಡುಗ, ಮೂವತ್ತು ದಾಟಿರಲಾರದು. ಲೈಫ್ ಜಾಕೆಟ್ ತೊಡಿಸಿ, ಪಟ್ಟಿಗಳನ್ನು ಬಿಗಿದು, ಎರಡು ಭುಜದ ಹತ್ತಿರ ಹಿಡಿದು ಮೇಲಕ್ಕೆ ಎತ್ತಿ ನೋಡಿದ. ಜಾಕೆಟ್ ಗದ್ದ ದಾಟಿ ಮೇಲೆ ಬಂದರೆ ನೀರಿನಲ್ಲಿ ಅದೂ ನಿಮ್ಮನ್ನು ಬಿಟ್ಟು ಮೇಲೆ ಹೋಗುತ್ತದೆ ಎಂದ. ಒಬ್ಬೊಬ್ಬರನ್ನೂ ಹೀಗೆ ಎತ್ತಿ ನೋಡಿದ. ನನ್ನ ಮಗಳ ಗೆಳತಿಯೊಬ್ಬಳಿಗೆ ಮೂರು ಜಾಕೆಟ್ ಬದಲಾಯಿಸಿದ.

ಆಮೇಲೆ ಎದೆಮಟ್ಟದ ನೀರಿಗೆ ಕರೆದುಕೊಂಡು ಹೋಗಿ, ಈಗ ಬೀಳಿ ಎಂದ. ಬೇಕೆಂದೇ ದೋಣಿ ಮಗುಚಬೇಕು. ಮಗುಚಿದ ಮೇಲೆ ದೋಣಿಯನ್ನು ಬಿಡಬಾರದು, ಹುಟ್ಟನ್ನು ಬಿಡಬಾರದು, ದಡಕ್ಕೆ ಈಜುತ್ತೇನೆಂದು ಹೊರಡಬಾರದು. ನೀರಿನಲ್ಲಿ ಮನುಷ್ಯನ ತಲೆ ತೆಂಗಿನಕಾಯಿಯ ಹಾಗೆ, ದೂರದಿಂದ ಯಾರಿಗೂ ಕಾಣುವುದಿಲ್ಲ. ದೋಣಿ ಕಾಣುತ್ತದೆ. ಅದನ್ನು ನೇರ ಮಾಡಿ, ಅಂಚು ಹಿಡಿದು, ಕಾಲನ್ನು ಹಿಂದಕ್ಕೆ ಚಾಚಿ ಬಡಿಯುತ್ತ, ಎದೆಯನ್ನು ದೋಣಿಯ ಅಡ್ಡಕ್ಕೆ ಎಳೆದುಕೊಂಡು, ಮಗ್ಗುಲಾಗಿ ಕೂರಬೇಕು. ಬಸ್ಸಿನ ಮೇಲಿನ ಸಾಮಾನಿಗೆ ಏಣಿ ಹತ್ತಿ ಇಳಿದ ದೇಹ ಇದು ಎಂಬ ಜಂಬವಿತ್ತು. ಮೂರನೆಯ ಸಲಕ್ಕೆ ಹತ್ತಿದೆ. ಉಪ್ಪುನೀರು ಮೂಗಿಗೆ ಹೋಗಿ ಕಣ್ಣಲ್ಲಿ ಬಂತು.

ನಮ್ಮ ಜೊತೆ ಬಂದವರು ಮೂವರು. ಒಬ್ಬ ಮುಂದೆ, ಒಬ್ಬ ನಡುವೆ, ಒಬ್ಬ ಹಿಂದೆ. ಮುಂದಿನವನು ದಾರಿ ತೋರಿಸುತ್ತಾನೆ, ಅವನನ್ನು ದಾಟಿ ಯಾರೂ ಹೋಗಬಾರದು. ಹಿಂದಿನವನು ಎಲ್ಲರಿಗಿಂತ ಕೊನೆ, ಅವನ ಹಿಂದೆ ಯಾರೂ ಉಳಿಯಬಾರದು. ನಡುವಿನವನು ಎಣಿಸುತ್ತಾನೆ. ನನಗೆ ಬಹಳ ಹಿಡಿಸಿದ್ದು ಆ ಹಿಂದಿನವನು. ಅವನ ಸೊಂಟದಲ್ಲಿ ಒಂದು ಹಗ್ಗದ ಚೀಲ, ದೋಣಿಯ ಹಿಂಬದಿಗೆ ಕಟ್ಟಿದ ಒಂದು ಹೆಚ್ಚುವರಿ ಹುಟ್ಟು, ನೀರು ಹೋಗದ ಚೀಲದಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಮತ್ತು ಮೊಬೈಲ್. ಮುಂದಿನವನ ಹತ್ತಿರ ಇವೇನೂ ಇರಲಿಲ್ಲ. ಯಾಕೆಂದು ಕೇಳಿದ್ದಕ್ಕೆ, ಕೆಟ್ಟದ್ದು ಆಗುವುದೆಲ್ಲ ಹಿಂದೆಯೇ ಅಲ್ಲವೇ ಎಂದ. ನಮ್ಮ ಇಲಾಖೆಯವನೇ ಎನಿಸಿತು.

ಏಳೂವರೆಗೆ ಹೊರಟೆವು. ಹುಣ್ಣಿಮೆಯ ಮರುದಿನ, ಭರತ ಏರುತ್ತಿತ್ತು. ನೀರು ಸಮುದ್ರದ ಕಡೆಯಿಂದ ಒಳಕ್ಕೆ ತಳ್ಳುತ್ತಿತ್ತು, ನಾವು ಅದರ ಬೆನ್ನೇರಿ ಒಳಕ್ಕೆ ಹೋದೆವು. ನಿಮ್ಮ ಬಸ್ಸಿಗೆ ಗಡಿಯಾರದ ವೇಳಾಪಟ್ಟಿ, ನಮಗೆ ಚಂದ್ರನ ವೇಳಾಪಟ್ಟಿ, ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ ಎಂದು ನಡುವಿನವನು ವಿವರಿಸಿದ. ಅದಕ್ಕೇ ಹೊರಡುವ ಹೊತ್ತು ದಿನವೂ ಒಂದೇ ಇರುವುದಿಲ್ಲ. ಎರಡು ಕಿಲೋಮೀಟರಿಗೂ ಉದ್ದವಾದ ಕೊಂಕಣ ರೈಲ್ವೆ ಸೇತುವೆಯನ್ನು ನೀರಿನ ಮಟ್ಟದಿಂದ ತಲೆಯೆತ್ತಿ ನೋಡಿದೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವಿನ ಕಾಲುವೆಗೆ ಹೊಕ್ಕಾಗ ಹುಟ್ಟಿನ ಸದ್ದು ಬಿಟ್ಟರೆ ಬೇರೇನಿಲ್ಲ. ಬೇರುಗಳು ಕೆಸರಿನಿಂದ ಮೇಲೆದ್ದು ಬೆರಳಿನ ಹಾಗೆ ನಿಂತಿದ್ದವು, ಒಂದರ ಮೇಲೆ ಏಡಿ ಹತ್ತುತ್ತಿತ್ತು. ಇಷ್ಟು ಹತ್ತಿರದಿಂದ ಮಿಂಚುಳ್ಳಿ ಕೂತದ್ದನ್ನು ನಾನು ನೋಡಿರಲಿಲ್ಲ. ಅದು ನಮ್ಮನ್ನು ಯಾವುದೋ ತೇಲುವ ಕೊರಡು ಎಂದುಕೊಂಡಿರಬೇಕು.

ಅಳಿವೆಯ ಕಡೆಗೆ ಹೋಗೋಣ, ಸಮುದ್ರ ನೋಡೋಣ ಎಂದು ಹುಡುಗರು ಹಟ ಹಿಡಿದರು. ಮುಂದಿನವನು ಒಪ್ಪಲಿಲ್ಲ. ಆ ಬಾಯಲ್ಲಿ ಹೂಳು ತುಂಬಿ, ಎಂಜಿನ್ ಇರುವ ಮೀನುಗಾರಿಕೆ ದೋಣಿಗಳೇ ಒದ್ದಾಡುತ್ತವೆ, ನಿಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋದರೆ ನಮ್ಮಪ್ಪ ನನ್ನನ್ನು ಮನೆಗೆ ಸೇರಿಸುವುದಿಲ್ಲ ಎಂದ. ಹಣ ಕೊಟ್ಟು ಬಂದವರಿಗೆ ಇಲ್ಲ ಎನ್ನುವುದು ಸುಲಭವಲ್ಲ. ಸೀಟಿಲ್ಲದ ಬಸ್ಸಿಗೆ ಹತ್ತಬೇಡಿ ಎಂದು ಸಾವಿರ ಸಲ ಹೇಳಿ, ಸಾವಿರ ಸಲ ಬೈಸಿಕೊಂಡವನಾದ್ದರಿಂದ ಅವನ ಕಷ್ಟ ನನಗೆ ಗೊತ್ತು.

ಹಿಂದಿರುಗುವಾಗ ಹನ್ನೊಂದೂವರೆ. ಇಳಿತ ಶುರುವಾಗಿ ನೀರು ಸಮುದ್ರದ ಕಡೆ ಹರಿಯತೊಡಗಿತ್ತು, ಅದೇ ಹೊತ್ತಿಗೆ ಎದುರಿನಿಂದ ಕಡಲ ಗಾಳಿ ಎದ್ದಿತು. ನೀರು ಒಂದು ಕಡೆ, ಗಾಳಿ ಅದಕ್ಕೆ ಎದುರು. ಎರಡೂ ಡಿಕ್ಕಿ ಹೊಡೆದರೆ ಗಿಡ್ಡ ಗಿಡ್ಡ ಕಡಿದಾದ ಅಲೆಗಳು ಏಳುತ್ತವೆ. ನೋಡಲು ಏನೂ ಅಲ್ಲ, ಮೊಳದೆತ್ತರವೂ ಇಲ್ಲ. ಕೂತವನಿಗೆ ಮಾತ್ರ ಗುಂಡಿ ಬಿದ್ದ ರಸ್ತೆಯಲ್ಲಿ ಹಿಂದಿನ ಸೀಟು. ಮಗಳ ಜೊತೆ ಇಬ್ಬರ ದೋಣಿಯಲ್ಲಿ ಕೂರಿ ಎಂದು ಬೆಳಿಗ್ಗೆಯೇ ಹೇಳಿದ್ದರು. ಒಂಟಿ ದೋಣಿಯೇ ಬೇಕೆಂದವನು ನಾನು. ಈಗ ಹುಟ್ಟು ಹಾಕಿದಷ್ಟೂ ಅಲ್ಲೇ ಇದ್ದೇನೆ. ಉಳಿದವರು ನೂರು ಗಜ ಮುಂದೆ. ಆಗ ಹಿಂದಿನವನು ಪಕ್ಕಕ್ಕೆ ಬಂದು, ಮಾವ, ನನಗೂ ಗಾಳಿ ಜಾಸ್ತಿಯಾಯಿತು, ಇಬ್ಬರೂ ಸೇರಿ ಹೋಗೋಣ ಎಂದು ನನ್ನ ದೋಣಿಯ ಮೂಗಿಗೆ ಕೊಕ್ಕೆ ಸಿಕ್ಕಿಸಿದ. ಅವನ ಸೊಂಟದ ಹಗ್ಗ ಬಿಗಿಯಾದದ್ದು ಕಂಡಿತು. ನೀವೂ ಹುಟ್ಟು ಹಾಕುತ್ತಿರಿ ಎಂದ. ಹಾಕುತ್ತಿದ್ದೆ. ಎಳೆಯುತ್ತಿದ್ದವನು ಅವನು. ದಡ ಇನ್ನೊಂದು ಸ್ವಲ್ಪ ಇದೆ ಎನ್ನುವಾಗ ಕೊಕ್ಕೆ ಬಿಚ್ಚಿಬಿಟ್ಟ. ಮಗಳ ಗೆಳೆಯರ ಮುಂದೆ ನಾನೇ ಹುಟ್ಟು ಹಾಕಿಕೊಂಡು ಬಂದು ಇಳಿದೆ. ಈ ಕೊನೆಯ ಉಪಕಾರಕ್ಕೆ ಅವನಿಗೆ ಯಾವ ತರಬೇತಿ ಶಾಲೆಯೂ ಅಂಕ ಕೊಡುವುದಿಲ್ಲ.

ಎರಡನೆಯದು ಈ ನವೆಂಬರ್ ಕೊನೆಯಲ್ಲಿ, ನಮ್ಮದೇ ಹಿನ್ನೀರಿನಲ್ಲಿ. ಅಲ್ಲಿಗೆ ಹೋಗಲು ನನಗೆ ಬೇರೊಂದು ಕಾರಣವಿತ್ತು. ನಾನು ಹುಟ್ಟಿದ್ದು 1963ರಲ್ಲಿ, ಈಗ ನೀರಿನಡಿ ಇರುವ ಊರಿನಲ್ಲಿ. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಮುಗಿಯುವ ಹೊತ್ತಿಗೆ ತಾಯಿ ನನ್ನನ್ನು ಕಂಕುಳಲ್ಲಿ ಇಟ್ಟುಕೊಂಡು ಲಾರಿ ಹತ್ತಿದರಂತೆ. ಮನೆಯ ತೊಲೆ, ಒರಳುಕಲ್ಲು, ಒಂದು ಹಸು ಕೂಡ ಅದೇ ಲಾರಿಯಲ್ಲಿ. ಬದುಕಿರುವವರೆಗೂ ಅವರು ಮತ್ತೆ ಆ ನೀರಿನ ಕಡೆ ಹೋಗಲಿಲ್ಲ. ನನಗೆ ಅದರ ಮೇಲೆ ಒಮ್ಮೆ ತೇಲಬೇಕೆಂಬ ಆಸೆ. ನೆರೆಮನೆಯ ಸ್ನೇಹಿತರೊಬ್ಬರು, ಬ್ಯಾಂಕಿನಿಂದ ನಿವೃತ್ತರಾದವರು, ಜೊತೆಗೆ ಬಂದರು. ತಲೆಗೆ 1,200 ರೂಪಾಯಿ, ಊಟ ಸೇರಿ.

ನಡೆಸುವವರ ಹೆಸರು ಬರೆಯುವುದಿಲ್ಲ, ಬರೆಯುವ ಉದ್ದೇಶವೂ ಇಲ್ಲ. ಏಳು ದೋಣಿ, 14 ಜನ, ಎಂಟನೆಯ ದೋಣಿಯಲ್ಲಿ ಒಬ್ಬನೇ ಮಾರ್ಗದರ್ಶಕ. ಹೊರಟದ್ದು ಮಧ್ಯಾಹ್ನ ಎರಡು ಗಂಟೆಗೆ, ಊಟ ತಡವಾದ್ದರಿಂದ. ನನ್ನ ಜಾಕೆಟ್ಟಿನ ಜಿಪ್ ಅರ್ಧಕ್ಕೆ ನಿಲ್ಲುತ್ತಿತ್ತು, ಪಟ್ಟಿಯ ಒಂದು ಕೊಂಡಿ ಮುರಿದಿತ್ತು. ಹೊನ್ನಾವರದ ಹುಡುಗ ಹೇಳಿಕೊಟ್ಟ ಹಾಗೆ ಭುಜ ಹಿಡಿದು ಎತ್ತಿಕೊಂಡೆ, ಕಿವಿಯವರೆಗೆ ಬಂತು. ಹೇಳಿದೆ. ಇಲ್ಲಿ ಅಲೆ ಇಲ್ಲ ಅಂಕಲ್, ಕೆರೆಯ ಹಾಗೆ ಎಂದು ಉತ್ತರ ಬಂತು. ಬಿದ್ದರೆ ಏನು ಮಾಡಬೇಕು ಎಂಬ ಮಾತು ಏಳಲೇ ಇಲ್ಲ. ಎಣಿಕೆಯೂ ಇಲ್ಲ. ಎದುರಿನ ದ್ವೀಪ ತೋರಿಸಿ, ಅಲ್ಲಿ ಚಹಾ ಎಂದು ಕೈಬೀಸಿ ಅವನು ಮುಂದೆ ಹೊರಟ. ಒಂದು ಕೈಯಲ್ಲಿ ಹುಟ್ಟು, ಇನ್ನೊಂದರಲ್ಲಿ ಮೊಬೈಲ್, ನಮ್ಮೆಲ್ಲರ ವಿಡಿಯೊ. ಎಳೆಯರ ದೋಣಿಗಳು ಅವನ ಹಿಂದೆ ಪಂದ್ಯ ಕಟ್ಟಿದವು. ಇಬ್ಬರು ಮುದುಕರ ದೋಣಿ ಕೊನೆಯದಾಯಿತು.

ಹಿನ್ನೀರನ್ನು ದೂರದಿಂದ ನೋಡಿದವರಿಗೆ ಅದು ಕನ್ನಡಿ. ಕೆಳಗೆ ಕಾಡು ನಿಂತಿದೆ. ಅರವತ್ತು ವರ್ಷದ ಹಿಂದೆ ಮುಳುಗಿದ ಮರಗಳ ಬೊಡ್ಡೆಗಳು ಇನ್ನೂ ಕೊಳೆತಿಲ್ಲ. ಕೆಲವು ನೀರಿನ ಮೇಲೆ ಆಳೆತ್ತರ ಕಾಣುತ್ತವೆ, ಅವುಗಳಿಂದ ಅಪಾಯವಿಲ್ಲ. ಅಪಾಯ ಇರುವುದು ನೀರಿನ ಮಟ್ಟದಿಂದ ನಾಲ್ಕು ಬೆರಳು ಕೆಳಗೆ ನಿಂತಿರುವವುಗಳಿಂದ. ನಮ್ಮ ದೋಣಿ ಅಂಥದ್ದೊಂದರ ಮೇಲೆ ಹತ್ತಿ ಕುಳಿತಿತು. ಕರ್ರೆಂಬ ಸದ್ದು, ಹೊಟ್ಟೆಯ ಕೆಳಗೆ ಯಾರೋ ಕೈ ಹಾಕಿ ಎತ್ತಿದ ಹಾಗೆ. ಹಿಂದೆ ಸರಿಸಲು ಸ್ನೇಹಿತರು ಒಂದು ಬದಿಗೆ ವಾಲಿದರು, ಅಷ್ಟೇ. ಇಬ್ಬರೂ ನೀರಿನಲ್ಲಿ.

ಜಾಕೆಟ್ ಕಿವಿಗೆ ಬಂತು. ಎರಡೂ ತೋಳಿನಿಂದ ಅದನ್ನು ಕೆಳಗೆ ಎಳೆಯಬೇಕೋ ದೋಣಿ ಹಿಡಿಯಬೇಕೋ ತಿಳಿಯದ ಒಂದು ಗಳಿಗೆ ಇತ್ತು. ದೋಣಿ ಹಿಡಿದೆ. ಸ್ನೇಹಿತರು ದಡಕ್ಕೆ ಈಜುತ್ತೇನೆ ಎಂದು ಹೊರಟಿದ್ದರು, ಕಾಲರ್ ಹಿಡಿದು ಎಳೆದುಕೊಂಡೆ. ಬ್ಯಾಂಕಿನ ಸಭ್ಯ ಮನುಷ್ಯ, ಆ ದಿನ ಅವರು ನನ್ನನ್ನು ಬೈದದ್ದನ್ನು ಬರೆಯುವ ಹಾಗಿಲ್ಲ. ಜಾಕೆಟ್ಟಿನಲ್ಲಿ ಸೀಟಿ ಹುಡುಕಿದೆ, ಇರಲಿಲ್ಲ. ಅದನ್ನು ಕಟ್ಟುವ ದಾರ ಮಾತ್ರ ಇತ್ತು. ಆಗ ನೆನಪಾದದ್ದು ಬೀಗದ ಕೈ. ಪ್ಯಾಂಟಿನ ಜೇಬಿನಿಂದ ಗೊಂಚಲು ತೆಗೆದು ಊದಿದೆ. ಭಯದಲ್ಲಿ ಕೈಗೆ ಬಂದದ್ದು 31 ವರ್ಷದ ಅಭ್ಯಾಸ: ಎರಡು ಸೀಟಿ. ಒಂದಕ್ಕೆ ನಿಲ್ಲು, ಎರಡಕ್ಕೆ ಹೊರಡು. ಅವರೆಲ್ಲ ಹೊರಟೇ ಹೋಗಿದ್ದರು. ಆಮೇಲೆ ಮೂರು ಮೂರು ಸಲ ಊದಬೇಕೆಂಬುದು ನೆನಪಿಗೆ ಬಂತು, ಅದು ಕಷ್ಟದಲ್ಲಿರುವವರ ಸಂಕೇತ. ದೂರದ ದ್ವೀಪದಿಂದ ನಗು ಕೇಳುತ್ತಿತ್ತು. ಚಹಾ ಕೊಡುತ್ತಿದ್ದರು.

ಬಂದವರು ತೆಪ್ಪದಲ್ಲಿ ಬಲೆ ಬಿಡುತ್ತಿದ್ದ ಒಬ್ಬರು. ಅವಸರವಿಲ್ಲದೆ, ಬೊಡ್ಡೆಗಳ ನಡುವೆ ಬೀದಿಯಲ್ಲಿ ನಡೆಯುವ ಹಾಗೆ ಅತ್ತ ಇತ್ತ ತಿರುಗಿಸಿಕೊಂಡು ಬಂದರು. ನಮ್ಮನ್ನು ಎಳೆದು ಹಾಕಿಕೊಂಡು, ಕಯಾಕಿಗೆ ಹಗ್ಗ ಕಟ್ಟಿ, ಮೊದಲು ಒಂದು ಬೀಡಿ ಹಚ್ಚಿದರು. ಆಮೇಲೆ ಮಾತನಾಡಿದರು. ಇದು ಯಾರದೋ ತೋಟದ ಏರಿ, ಇಲ್ಲಿ ಸಾಲಾಗಿ ಮರ ಇವೆ, ಬೇಸಿಗೆಯಲ್ಲಿ ಬಂದು ನೋಡಿ. ದ್ವೀಪಕ್ಕೆ ಹೋಗುವವರು ಆ ಕಡೆಯಿಂದ ಸುತ್ತಿ ಹೋಗಬೇಕು. ಬೆಳಿಗ್ಗೆ ಹೋಗಬೇಕು, ಮಧ್ಯಾಹ್ನದ ಮೇಲೆ ಗಾಳಿ ಎದ್ದರೆ ನೀರು ನಡುಗುತ್ತದೆ, ಬೊಡ್ಡೆ ಕಾಣುವುದಿಲ್ಲ. ಇಷ್ಟನ್ನು ಯಾರೂ ಅವರನ್ನು ಕೇಳಿರಲಿಲ್ಲ. ತಲೆಗೆ 1,200 ರೂಪಾಯಿ ಕೊಟ್ಟ ನಮಗೆ ಅದು ಪುಕ್ಕಟೆಯಾಗಿ ಸಿಕ್ಕಿತು.

ನಾವು ಇಬ್ಬರು ಇಲ್ಲ ಎನ್ನುವುದು ಮಾರ್ಗದರ್ಶಕನಿಗೆ ಗೊತ್ತಾದದ್ದು ತೆಪ್ಪ ದ್ವೀಪಕ್ಕೆ ತಾಗಿದಾಗ. ಹುಡುಗನ ಮುಖ ಬಿಳಿಚಿಕೊಂಡಿತು, ಅಳುವುದೊಂದು ಬಾಕಿ. ಕೆಟ್ಟವನಲ್ಲ, ಮೀನಿನ ಹಾಗೆ ಈಜುತ್ತಾನೆ ಎಂದು ಆಮೇಲೆ ತಿಳಿಯಿತು. ಒಬ್ಬನೇ ಮನುಷ್ಯ ಮುಂದೆಯೂ ಇದ್ದು ಹಿಂದೆಯೂ ಇರಲು ಆಗುವುದಿಲ್ಲ. ಚಾಲಕನೇ ಟಿಕೆಟ್ ಕೊಡುವ ಬಸ್ಸುಗಳನ್ನು ನಾನು ನೋಡಿದ್ದೇನೆ. ಅವು ನಿಂತಾದರೂ ಟಿಕೆಟ್ ಕೊಡುತ್ತವೆ. ನೀರಿನ ಮೇಲೆ ಅಷ್ಟೂ ಇಲ್ಲ.

ಈಗ ತಮ್ಮ ಇಬ್ಬರು ಪತ್ರಲೇಖಕರಿಗೆ.

ನಿಲ್ಲಿಸಿ ಎಂದವರಿಗೆ: ಆಣೆಕಟ್ಟು ಕಟ್ಟಿ ಊರು ಮುಳುಗಿಸಿದ ಮೇಲೆ ಅದೇ ನೀರನ್ನು ಮುಟ್ಟಬೇಡಿ ಎಂದು ನಮಗೆ ಹೇಳುವುದು ನನಗೆ ಸರಿಕಾಣುವುದಿಲ್ಲ. ಹೊಳೆಯ ಪಕ್ಕದಲ್ಲಿ ಬೆಳೆಯುವ ಮಲೆನಾಡಿನ ಎಷ್ಟು ಮಕ್ಕಳಿಗೆ ಈಗ ಈಜು ಬರುತ್ತದೆ? ತುಂಗೆಗೆ ಸ್ನಾನಕ್ಕೆ ಇಳಿದು ಮರಳಿ ಬಾರದವರ ಸುದ್ದಿಯನ್ನು ತಮ್ಮ ಪತ್ರಿಕೆಯಲ್ಲಿಯೇ ಓದುತ್ತೇವೆ. ಅವರಲ್ಲಿ ಯಾರೂ ಕಯಾಕಿನಲ್ಲಿ ಕುಳಿತಿರಲಿಲ್ಲ, ಜಾಕೆಟ್ ತೊಟ್ಟಿರಲಿಲ್ಲ, ಬಿದ್ದರೆ ಏನು ಮಾಡಬೇಕೆಂದು ಅವರಿಗೆ ಯಾರೂ ಅರ್ಧ ಗಂಟೆ ಪಾಠ ಹೇಳಿರಲಿಲ್ಲ. ಸರಿಯಾಗಿ ನಡೆಸಿದ ಒಂದು ದಿನದ ಪ್ರವಾಸ ನೀರಿನ ಭಯವನ್ನೂ ನೀರಿನ ಉಡಾಫೆಯನ್ನೂ ಒಟ್ಟಿಗೆ ಇಳಿಸುತ್ತದೆ, ನನಗೆ ಇಳಿಸಿದೆ. ತಾಳಗುಪ್ಪದ ಹತ್ತಿರದ ಹೊನ್ನೆಮರಡುವಿನಲ್ಲಿ ಇದೇ ಹಿನ್ನೀರಿನ ಮೇಲೆ ಎಷ್ಟೋ ವರ್ಷಗಳಿಂದ ಜನ ಹುಟ್ಟು ಹಾಕುವುದನ್ನು ಕಲಿತು ಹೋಗಿದ್ದಾರೆ.

ದೋಣಿ ಬಿಡಿ ಎಂದವರಿಗೆ ಸ್ವಲ್ಪ ಹೆಚ್ಚು ಹೇಳಬೇಕಿದೆ. ಹಿನ್ನೀರು ಎಂದರೆ ಒಂದೇ ನೀರಲ್ಲ. ಲಿಂಗನಮಕ್ಕಿಯ ಪೂರ್ಣ ಮಟ್ಟ 1,819 ಅಡಿ. ಮಳೆಗಾಲದಲ್ಲಿ ಅಲ್ಲಿಗೆ ಏರುವ ನೀರು, ವಿದ್ಯುತ್ತಿಗಾಗಿ ಹರಿದು ಹರಿದು ಬೇಸಿಗೆಯ ಹೊತ್ತಿಗೆ ಎಷ್ಟೋ ಅಡಿ ಕುಸಿಯುತ್ತದೆ. ಆಗ 1948ರಲ್ಲಿ ಮುಗಿದ ಹಳೆಯ ಹಿರೇಭಾಸ್ಕರ ಅಣೆಕಟ್ಟು, ನಮ್ಮವರು ಮಡೇನೂರು ಡ್ಯಾಂ ಎನ್ನುವುದು, ನೀರಿನಿಂದ ಮೇಲೆದ್ದು ನಿಲ್ಲುತ್ತದೆ. ಅಣೆಕಟ್ಟೆಯೇ ಮುಳುಗಿ ಏಳುವ ಜಾಗದಲ್ಲಿ ಮರದ ಬೊಡ್ಡೆಗಳ ಲೆಕ್ಕ ಹೇಳಬೇಕೇ? ಅಕ್ಟೋಬರಿನಲ್ಲಿ ದೋಣಿ ಸಲೀಸಾಗಿ ತೇಲಿದ ದಾರಿಯಲ್ಲಿ ಮಾರ್ಚಿನಲ್ಲಿ ಬೊಡ್ಡೆಗಳು ನಾಲ್ಕು ಬೆರಳು ಕೆಳಗೆ ಬಂದು ಕಾದಿರುತ್ತವೆ. ನಕ್ಷೆ ಬರೆದು ಗೋಡೆಗೆ ಅಂಟಿಸಿದರೆ ಆಗದು, ವಾರವಾರವೂ ಆ ನೀರಿನಲ್ಲಿ ಓಡಾಡುವವರೇ ಬೇಕು.

ಗೇರುಸೊಪ್ಪೆಯ ಕೆಳಗೆ ಮತ್ತೊಂದು ಬಗೆ. ಅಲ್ಲಿ ಮೇಲಿನ ವಿದ್ಯುದಾಗಾರ ಎಷ್ಟು ನೀರು ಬಿಟ್ಟಿತು ಎನ್ನುವುದರ ಮೇಲೆ ಹೊಳೆ ಏರಿಳಿಯುತ್ತದೆ. ಆಕಾಶದಲ್ಲಿ ಮೋಡ ಇಲ್ಲದ ದಿನವೂ ನೀರು ಏರಬಹುದು, ಕೆಳಗಿನಿಂದ ಭರತವೂ ಸೇರಿಕೊಳ್ಳುತ್ತದೆ. ಸಮುದ್ರದ ಕಡೆಗಂತೂ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಯೇ ಬಂದ್. ಮಳೆಗಾಲದ ಆಫರ್ ಎಂದು ಅದೇ ತಿಂಗಳಲ್ಲಿ ಪ್ಲಾಸ್ಟಿಕ್ ದೋಣಿಯನ್ನು ಇಳಿಸುವವರಿದ್ದರೆ ಅವರಿಗೆ ನಮಸ್ಕಾರ.

ತುಂಗೆಯದು ಇನ್ನೂ ಬೇರೆ. ಗಾಜನೂರು ಹಿನ್ನೀರು ಸಕ್ರೆಬೈಲಿನ ಆನೆಗಳ ಪಕ್ಕದಲ್ಲಿ ಸುಮ್ಮನೆ ಮಲಗಿರುತ್ತದೆ, ಅದೇ ಹೊಳೆ ಹರಿಯುವಲ್ಲಿ ಹಾಗಲ್ಲ. ಹರಿಯುವ ನೀರಿಗೆ ಬಾಗಿ ಬಿದ್ದ ಮರವೋ ಬಿದಿರು ಮೆಳೆಯೋ ಇದ್ದರೆ ಅದು ಜರಡಿ: ನೀರು ದಾಟಿ ಹೋಗುತ್ತದೆ, ದೋಣಿಯೂ ಮನುಷ್ಯನೂ ಸಿಕ್ಕಿಕೊಳ್ಳುತ್ತಾರೆ, ಹಿಂದಿನ ನೀರು ಒತ್ತುತ್ತಲೇ ಇರುತ್ತದೆ. ಸಣ್ಣ ಒಡ್ಡಿನ ಮೇಲಿನಿಂದ ಧುಮುಕುವ ನೀರು ಬುಡದಲ್ಲಿ ಹಿಂದಕ್ಕೆ ಸುತ್ತುತ್ತದೆ, ಬಿದ್ದವನನ್ನು ಮತ್ತೆ ಮತ್ತೆ ಒಡ್ಡಿನ ಬುಡಕ್ಕೇ ಎಳೆಯುತ್ತದೆ. ನೋಡಲು ಎರಡಡಿ ಎತ್ತರ, ಮಕ್ಕಳ ಜಾರುಬಂಡಿಯ ಹಾಗೆ. ಇನ್ನು ಮಂಡಗದ್ದೆಯ ನಡುಗಡ್ಡೆಯಲ್ಲಿ ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟಿ ಮರಿ ಮಾಡುತ್ತವೆ. ಅಲ್ಲಿಗೆ ಹುಟ್ಟು ಹಾಕಿಕೊಂಡು ಹೋಗಿ ಸೆಲ್ಫಿ ತೆಗೆಯುವ ಆಲೋಚನೆ ಯಾರಿಗಾದರೂ ಬಂದಿದ್ದರೆ ಈಗಲೇ ಬಿಡಲಿ, ರಸ್ತೆ ಬದಿಯಿಂದಲೇ ಚೆನ್ನಾಗಿ ಕಾಣುತ್ತವೆ.

ನಿಯಮ ಇಲ್ಲ ಎಂದು ಯಾರೂ ಹೇಳುವ ಹಾಗಿಲ್ಲ. ಕೇಂದ್ರದ ಪ್ರವಾಸೋದ್ಯಮ ಸಚಿವಾಲಯ 2018ರಲ್ಲಿ ಸಾಹಸ ಪ್ರವಾಸೋದ್ಯಮಕ್ಕೆ ಮಾರ್ಗಸೂಚಿ ಹೊರಡಿಸಿದೆ. 2021ರ ಒಳನಾಡು ಹಡಗುಗಳ ಕಾಯ್ದೆಯಲ್ಲಿ ಎಂಜಿನ್ ಇಲ್ಲದ ದೋಣಿಗಳಿಗೂ ಒಂದು ಅಧ್ಯಾಯವಿದೆ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಹೋದಾಗ ನಾವೆಲ್ಲ ಲೈಫ್ ಜಾಕೆಟ್ಟಿನ ಬಗ್ಗೆ ಬಹಳ ಮಾತನಾಡಿದೆವು. ಜಾಕೆಟ್ ಬಂತು. ನನಗೆ ಸಿಕ್ಕಿದ ಜಾಕೆಟ್ಟೂ ಹಾಗೆ ಬಂದದ್ದೇ ಇರಬೇಕು: ತನಿಖೆಗೆ ಬಂದವರು ಎಣಿಸಿದರೆ ಹದಿನಾಲ್ಕಕ್ಕೆ ಹದಿನಾಲ್ಕು ಇದೆ, ಕೊಂಡಿ ಹಾಕಿ ನೋಡಿದವರಿಲ್ಲ.

ನಾನು ಕೇಳುವುದು ಒಂದೇ. ಜಿಲ್ಲಾಡಳಿತವಾಗಲಿ ಪ್ರವಾಸೋದ್ಯಮ ಇಲಾಖೆಯಾಗಲಿ ಅನುಮತಿ ಕೊಡುವಾಗ, ಎಷ್ಟು ದೋಣಿ ಇವೆ, ಶೌಚಾಲಯ ಇದೆಯೇ, ಫಲಕ ಹಾಕಿದ್ದೀರಾ ಎಂದು ಕೇಳುವ ಮೊದಲು, ಕೊನೆಯ ದೋಣಿಯಲ್ಲಿ ಯಾರಿದ್ದಾರೆ ಎಂದು ಕೇಳಲಿ. ಅವನ ಹೆಸರು ಬರೆಸಿಕೊಳ್ಳಲಿ. ಮುಂದೊಬ್ಬ ಹಿಂದೊಬ್ಬ ಇಲ್ಲದ ಗುಂಪು ದಡ ಬಿಡಬಾರದು, ನಾಲ್ಕೇ ಜನರಿದ್ದರೂ ಸರಿ. ಹಿಂದಿನವನ ಸೊಂಟದಲ್ಲಿ ಹಗ್ಗ, ದೋಣಿಯಲ್ಲಿ ಹೆಚ್ಚುವರಿ ಹುಟ್ಟು, ಕೊರಳಲ್ಲಿ ಸೀಟಿ ಇರಬೇಕು. ಅವನ ಕೈಯಲ್ಲಿ ಹೊರಟವರ ಎಣಿಕೆ ಇರಬೇಕು, ದಡದಲ್ಲಿ ಉಳಿಯುವವರ ಹತ್ತಿರ ಅದರದೇ ಇನ್ನೊಂದು ಪ್ರತಿ. ನಾವು ವೇ ಬಿಲ್ ಬರೆಯುತ್ತಿರಲಿಲ್ಲವೇ? ಪ್ರತಿ ಹಂತದಲ್ಲಿ ಬಸ್ಸಿನಲ್ಲಿ ಎಷ್ಟು ಜನ ಎಂದು ಬರೆದಿಡಬೇಕಿತ್ತು, ನಡುವೆ ತಪಾಸಣೆಯವರು ಹತ್ತಿ ತಲೆ ಎಣಿಸಿ ತಾಳೆ ನೋಡುತ್ತಿದ್ದರು. ಒಂದು ತಲೆ ಹೆಚ್ಚು ಕಡಿಮೆಯಾದರೆ ನನಗೆ ಮೆಮೊ. ಹತ್ತು ರೂಪಾಯಿಯ ಟಿಕೆಟ್ಟಿಗೆ ಅಷ್ಟು ಬಿಗಿ ಇದ್ದ ನಾಡಿನಲ್ಲಿ ಜೀವದ ಎಣಿಕೆಗೆ ಒಂದು ಹಾಳೆ ಹೊಂದಿಸುವುದು ಕಷ್ಟವೇ?

ಆ ಕೊನೆಯ ದೋಣಿಗೆ ಜನ ಎಲ್ಲಿಂದ ತರುವುದು ಎಂದರೆ, ನನ್ನನ್ನು ಎತ್ತಿದ ತೆಪ್ಪದವರಂಥವರು ಹಿನ್ನೀರಿನ ಸುತ್ತಲೂ ಇದ್ದಾರೆ. ಅವರಿಗೆ ಬೊಡ್ಡೆ ಗೊತ್ತು, ಗಾಳಿ ಗೊತ್ತು. ಗೊತ್ತಿಲ್ಲದ್ದು ಉಸಿರು ನಿಂತವರಿಗೆ ಉಸಿರು ಕೊಡುವುದು, ಹಗ್ಗ ಎಸೆಯುವ ಕ್ರಮ, ಹೆದರಿದ ಪೇಟೆಯವರ ಜೊತೆ ಮಾತನಾಡುವುದು. ಅದನ್ನು ಕಲಿಸಲು ನಮ್ಮ ರಾಜ್ಯದಲ್ಲೇ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ, ಗೋವಾದಲ್ಲಿ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಇದೆ. 2025ರ ಜುಲೈ 14ರಂದು ಸಿಗಂದೂರು ಸೇತುವೆ ತೆರೆದ ಮೇಲೆ ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯುವ ಆ ಉದ್ದದ ಸರತಿ ಈಗಿಲ್ಲ. ಆ ದಡದಲ್ಲಿ ಬೆಳೆದ, ನೀರಿನ ಗುಣ ಅರಿತ ಮಕ್ಕಳಿಗೆ ಮೊದಲ ಅವಕಾಶ ಕೊಡಬೇಕು. ಬೆಂಗಳೂರಿನಿಂದ ದೋಣಿಯ ಜೊತೆಗೆ ಮಾರ್ಗದರ್ಶಕನನ್ನೂ ಲಾರಿಯಲ್ಲಿ ತರುವುದು ಬೇಡ.

ಹೀಗೆ ಮಾಡಿದರೆ ತಲೆಗೆ 1,200 ಇದ್ದದ್ದು 1,600 ಆಗಬಹುದು. ಆಗಲಿ. ಕೊಡುತ್ತೇನೆ.

ತಮ್ಮ ಪತ್ರಿಕೆಗೂ ಒಂದು ಮಾತು. ಹಿನ್ನೀರಿನ ಕಯಾಕಿಂಗ್ ಬಗ್ಗೆ ಬರುವ ಚಿತ್ರಗಳಲ್ಲೆಲ್ಲ ಮೊದಲ ದೋಣಿ, ಮೊದಲ ನಗು. ತಮ್ಮ ಛಾಯಾಗ್ರಾಹಕರು ಮುಂದಿನ ಸಲ ಹೋದಾಗ ಸ್ವಲ್ಪ ಹೊತ್ತು ಕಾದು, ಕೊನೆಗೆ ಬರುವ ದೋಣಿಯನ್ನು ತೆಗೆಯಲಿ. ಅದರಲ್ಲಿ ಹಗ್ಗದ ಚೀಲ ಕಟ್ಟಿದವನೊಬ್ಬ ಇದ್ದಾನೋ, ನನ್ನಂಥ ಇಬ್ಬರು ಮುದುಕರೇ ಇದ್ದಾರೋ ಓದುಗರಿಗೂ ತಿಳಿಯಲಿ.

ಮರೆತಿದ್ದೆ. ಸೀಟಿ ಒಣಗಿದೆ, ಮೊದಲಿನಂತೆಯೇ ಕೂಗುತ್ತದೆ. ನನ್ನ ಸ್ನೇಹಿತರ ಕನ್ನಡಕ ಮಾತ್ರ ಆ ಬೊಡ್ಡೆಯ ಬುಡದಲ್ಲೇ ಇದೆ. ಮೇ ತಿಂಗಳಲ್ಲಿ ನೀರು ಇಳಿದಾಗ ನೋಡುತ್ತೇನೆ ಎಂದು ತೆಪ್ಪದವರು ಹೇಳಿದ್ದಾರೆ. ಬೇಸಿಗೆಯಲ್ಲಿ ಇಬ್ಬರೂ ಹೋಗುವವರಿದ್ದೇವೆ, ಈ ಸಲ ಬೆಳಿಗ್ಗೆ, ಅವರ ತೆಪ್ಪದಲ್ಲಿ.

ಇಂತಿ,
ಒಬ್ಬ ನಿವೃತ್ತ ಬಸ್ ನಿರ್ವಾಹಕ
ವಿನೋಬನಗರ, ಶಿವಮೊಗ್ಗ